ಟೆಸ್ಟ್ ಇಲ್ಲದ ದಿನದ ಹೊಟ್ಟೆನೋವು

"ಶುರುವಾಯ್ತು ಇವಳ ನಾಟಕ! ನಾಳೆ ಯಾವ ಟೆಸ್ಟೇ?" ಅಂದ ಅಣ್ಣ.

ಮನೆಯವರೆಲ್ಲ ಪಟಾಕಿ ಅಂತ ಕರೆಯುವ ತಂಗಿ ಹೊಟ್ಟೆ ಹಿಡಿದುಕೊಂಡು ಮುದುಡಿ ಕೂತಿದ್ದಳು. ಆದರೂ ಬಾಯಿ ಸುಮ್ಮನಿರಬೇಕಲ್ಲ! "ಸ್ಕೂಲಿಗೇ ರಜೆ ಕಣೋ! ರಜೆಯಲ್ಲಿ ಯಾರು ಟೆಸ್ಟ್ ಇಡ್ತಾರೆ?"

ಜೇಡಿಮಣ್ಣು ಕಲಸುತ್ತಿದ್ದ ಅಮ್ಮನ ಕೈ ನಿಂತಿತು.

ಪಾಪ, ಹುಡುಗಿ ಎಷ್ಟು ತಿಂಗಳಿಂದ ಹೇಳುತ್ತಿದ್ದಳು! ಒಬ್ಬ ಡಾಕ್ಟರ್ ಹುಳದ ಮಾತ್ರೆ ಕೊಟ್ಟರು. ಇನ್ನೊಬ್ಬರು ಗ್ಯಾಸ್ ಅಂದರು. ಸ್ಕ್ಯಾನ್‌ನಲ್ಲೂ ಏನೂ ಸಿಗದಿದ್ದಾಗ ಮೂರನೆಯವರು, "ಸ್ಕೂಲಿನ ಭಯ ಇರಬೇಕು" ಅಂತ ನಕ್ಕುಬಿಟ್ಟರು. ಅವತ್ತಿನಿಂದ ಅವಳ ಮಾತನ್ನು ಯಾರೂ ನಂಬುತ್ತಿರಲಿಲ್ಲ. ನೋವಿಗಿಂತ ಅವಳಿಗೆ ಅದೇ ದೊಡ್ಡ ಸಂಕಟ.

"ಅತ್ತೆ ಮನೇಲಿ ಮೂರು ವಾರ ಇದ್ನಲ್ಲಮ್ಮ, ಬರ್ತಾ ಬರ್ತಾ ನೋವೇ ಹೋಗಿತ್ತು. ಇಲ್ಲಿಗೆ ಬಂದ ಮೇಲೆ ಮತ್ತೆ ಶುರು. ನಾನು ಸುಳ್ಳು ಹೇಳ್ತಿಲ್ಲ!"

ಅಮ್ಮ ಕೈ ತೊಳೆದು ಎದ್ದಳು.

ಹೊಸ ಡಾಕ್ಟರಮ್ಮ ಪಟಾಕಿಯ ಮಾತನ್ನು ಪೂರ್ತಿ ಕೇಳಿಸಿಕೊಂಡರು. "ಅತ್ತೆ ಮನೇಲಿ ಇಲ್ಲದ್ದು ನಿಮ್ಮನೇಲಿ ಏನಿದೆ, ಹೇಳು ನೋಡೋಣ."

"ಅಣ್ಣನ ಕಾಟ!" ಅಂದಳು ಪಟಾಕಿ. ಆಮೇಲೆ ಯೋಚಿಸಿದಳು. "ಅಲ್ಲಿ ನಿಂಬೆ ಜ್ಯೂಸ್ ಗಾಜಿನ ಲೋಟದಲ್ಲಿ ಕುಡೀತಿದ್ದೆ. ಇಲ್ಲಿ ದಿನಾ ನನ್ನ ಹಸಿರು ಲೋಟದಲ್ಲಿ. ಅದನ್ನ ಬೇರೆ ಯಾರಿಗೂ ಮುಟ್ಟೋಕೆ ಬಿಡಲ್ಲ. ಅಮ್ಮನೇ ಮಾಡಿದ್ದು."

ಅಮ್ಮ ಪಿಂಗಾಣಿ ಲೋಟ ಮಾಡಿ ಅಂಗಡಿಗೆ ಕೊಡುತ್ತಿದ್ದಳು. ಸೊಟ್ಟಗಾದವು ಮಾತ್ರ ಮನೆಯಲ್ಲೇ ಉಳಿಯುತ್ತಿದ್ದವು.

ಡಾಕ್ಟರಮ್ಮ ನೆಟ್ಟಗೆ ಕೂತರು. "ಹೊಳಪಿನ ಬಣ್ಣದಲ್ಲಿ ಸೀಸ ಇದ್ದರೆ ನಿಂಬೆಹುಳಿಗೆ ಬಿಟ್ಟುಕೊಳ್ಳುತ್ತೆ. ಸೀಸ ಅಂದ್ರೆ ವಿಷ. ರಕ್ತ ಪರೀಕ್ಷೆ ಮಾಡಿಸೋಣ. ಲೋಟಾನೂ ಲ್ಯಾಬಿಗೆ ಹೋಗಲಿ."

ರಿಪೋರ್ಟ್ ಬಂತು. ಎರಡರಲ್ಲೂ ಸೀಸ!

"ಇನ್ನು ಆ ಲೋಟ ಬೇಡ. ಹುಷಾರಾಗ್ತೀಯ" ಅಂದರು ಡಾಕ್ಟರಮ್ಮ. "ಇದನ್ನ ಪತ್ತೆ ಹಚ್ಚಿದವಳು ನೀನೇ ಕಣೇ!"

ಪಟಾಕಿಗೆ ಕುಣಿಯುವಷ್ಟು ಖುಷಿ. ಅಣ್ಣ ಕಿವಿ ಹಿಡಿದುಕೊಂಡು ಹತ್ತು ಬಸ್ಕಿ ಹೊಡೆದ. ಅಮ್ಮನಿಗೆ ಮಾತ್ರ ಅಳು ಬಂತು. ಕಣ್ಣೊರೆಸಿಕೊಂಡವಳೇ ಅಂಗಡಿಗೆ ಫೋನ್ ಹಚ್ಚಿದಳು.

"ನನ್ನ ಹಸಿರು ಲೋಟ ಒಂದೂ ಮಾರಬೇಡಿ. ಮಾರಿದ್ದನ್ನೂ ವಾಪಸ್ ತರಿಸಿ. ಅದರಲ್ಲಿ ಸೀಸ ಇದೆ."

"ಯಾರಮ್ಮ ಹಾಗಂದಿದ್ದು?" ಅಂಗಡಿಯವರ ದನಿ ಪಟಾಕಿಗೂ ಕೇಳಿಸಿತು.

ರಿಪೋರ್ಟು ಅಮ್ಮನ ಕೈಯಲ್ಲೇ ಇತ್ತು. ಡಾಕ್ಟರು ಅಂತ ಹೇಳಬಹುದಿತ್ತು, ಲ್ಯಾಬಿನವರು ಅಂತ ಹೇಳಬಹುದಿತ್ತು.

"ನನ್ನ ಮಗಳು" ಅಂದಳು ಅಮ್ಮ.

ಪಟಾಕಿ ಹೋಗಿ ಅಮ್ಮನಿಗೆ ಅಂಟಿಕೊಂಡು ನಿಂತಳು.