ಅಂಗೈಗೆ ಅಂಟಿದ ಫೋಟೋ

"ಏನು ಡಾಕ್ಟ್ರೇ, ನೀವಿಲ್ಲಿ?"

ಅಂಗಡಿಯಲ್ಲಿ ಪ್ರಿಂಟರುಗಳ ಸಾಲಿನ ಮುಂದೆ ನಿಂತಿದ್ದ ನಾಯಿ ಡಾಕ್ಟರಿಗೆ ಬೆನ್ನ ಹಿಂದಿನಿಂದ ಆ ದನಿ ಕೇಳಿಸಿದ್ದೇ ತಡ, ಎದೆ ಧಸಕ್ಕೆಂದಿತು. ಬೇರೆ ಯಾರು ಸಿಕ್ಕಿದ್ದರೂ ನಡೆಯುತ್ತಿತ್ತು. ಸಿಗಬಾರದವಳು ಅಂತ ಇಡೀ ಊರಲ್ಲಿ ಒಬ್ಬಳೇ ಇದ್ದಳು. ಅವಳೇ ಬಂದು ನಿಂತಿದ್ದಳು.

ಅವಳು ಅವನ ಕ್ಲಿನಿಕ್ಕಿನ ಎದುರಿಗೇ ಫೋಟೋ ಸ್ಟುಡಿಯೋ ನಡೆಸುವವಳು. ವಾಸಿಯಾಗಿ ಮನೆಗೆ ಹೊರಟ ನಾಯಿ, ಬೆಕ್ಕು, ಗಿಳಿ, ಮೊಲ ಯಾವುದೇ ಇರಲಿ, ಅದರ ಫೋಟೋ ತೆಗೆದು ಗೋಡೆಗೆ ಅಂಟಿಸುವುದು ನಮ್ಮ ಡಾಕ್ಟರ್ ಇಟ್ಟುಕೊಂಡ ಪದ್ಧತಿ. ಅಷ್ಟೂ ಪ್ರಿಂಟ್ ಆಗುವುದು ಅವಳ ಸ್ಟುಡಿಯೋದಲ್ಲಿ. ಒಟ್ಟಿಗೆ ಕೊಡಬಹುದಾದ ಫೋಟೋಗಳನ್ನು ಒಂದೊಂದಾಗಿ ಒಯ್ಯುವುದು ಯಾಕೆ ಅಂತ ಇಡೀ ಬೀದಿಗೆ ಗೊತ್ತಿತ್ತು. ಅವಳಿಗೆ ಗೊತ್ತಿತ್ತೋ ಇಲ್ಲವೋ, ದೇವರೇ ಬಲ್ಲ.

"ಪ್ರಿಂಟರ್ ತಗೊಳ್ತಿದೀರಾ?" ಅಂದಳು. ನಗು ಅರ್ಧಕ್ಕೇ ನಿಂತಿತ್ತು. "ನಮ್ಮಲ್ಲಿ ಏನಾದ್ರೂ ಕೆಟ್ಟು ಬಂದಿತ್ತಾ?"

"ಛೇ ಛೇ, ಹಾಗೇನಿಲ್ಲ! ಅಕ್ಕ... ಅಕ್ಕ ಆಸೆಪಟ್ಟಳು. ಮನೇಲೇ ಫೋಟೋ ಪ್ರಿಂಟ್ ಹಾಕ್ಕೋಬೇಕಂತೆ." ಇಷ್ಟು ಹೇಳುವುದರೊಳಗೆ ಅವನ ಕಿವಿ ಕೆಂಪಾಯಿತು. ಸುಳ್ಳು ಹೇಳೋದಕ್ಕೂ ಒಂದು ಮುಖ ಬೇಕು, ಅವನಿಗೆ ಅದಿರಲಿಲ್ಲ.

ಸೇಲ್ಸ್‌ಮನ್ ನಡುವೆ ಬಾಯಿ ಹಾಕಿದ. "ಸರ್, ಇದು ನೋಡಿ, ಎಲ್ಲಕ್ಕಿಂತ ಚೀಪ್."

"ಅದು ಬೇಡ," ಅಂದಳು ಅವಳು. "ಪ್ರಿಂಟರೇನೋ ಅಗ್ಗ. ಆಮೇಲೆ ಇಂಕಿನ ಕಾರ್ಟ್ರಿಜ್ ತುಂಬಿಸೋಕೆ ಕ್ಲಿನಿಕ್ ಮಾರ್ಬೇಕಾಗುತ್ತೆ. ಆ ಲೇಸರ್ ಕಡೆ ತಿರುಗಿಯೂ ನೋಡ್ಬೇಡಿ, ಅದು ಅಕ್ಷರಕ್ಕೆ ಚೆನ್ನ, ಮುಖಕ್ಕಲ್ಲ. ಇಂಕ್ ಟ್ಯಾಂಕ್ ಇರೋದು ತಗೊಳ್ಳಿ. ನಾಲ್ಕು ಬಣ್ಣದ್ದು ಸಾಕು, ನಿಮ್ಮಕ್ಕನೇನು ಎಕ್ಸಿಬಿಷನ್ ಇಡಲ್ವಲ್ಲ. ಪೇಪರ್ ಮಾತ್ರ ಒಳ್ಳೇದು ತಗೊಳ್ಳಿ."

ಹೇಳಿದ್ದೆಲ್ಲ ಅವನ ಒಳ್ಳೆಯದಕ್ಕೇ. ಆದರೆ ಹೇಳುವಾಗ ಒಮ್ಮೆಯೂ ಅವನ ಮುಖ ನೋಡಲಿಲ್ಲ. ತನಗೆ ಬೇಕಾದ ಕಟ್ಟರ್ ಬ್ಲೇಡು ತಗೊಂಡು, "ಇನ್ಮೇಲೆ ನಮ್ಮ ಕಡೆ ಬರೋ ಕೆಲ್ಸ ಇರಲ್ಲ ಬಿಡಿ," ಎಂದು ಹೊರಟೇಬಿಟ್ಟಳು. ಅವನಿಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ನಿಜ ಏನೆಂದರೆ, ಅವಳದೊಂದು ಕೆಂಚು ಬೆಕ್ಕಿದೆ. ಕಾಲು ಮುರಿದುಕೊಂಡು ಬಂದು, ವಾಸಿಯಾಗಿ ಹೊರಟ ದಿನ ಅವನು ಗೋಡೆಗೆಂದು ಫೋಟೋ ತೆಗೆಯಲು ಹೋದ. "ನನ್ನ ಮುಖ ಬೇಡಪ್ಪಾ, ಬೆಕ್ಕಿಂದು ಮಾತ್ರ ತೆಗೀರಿ," ಅಂದಿದ್ದಳು. ಹೂಂ ಅಂದ. ಅಷ್ಟರಲ್ಲಿ ಆ ಬೆಕ್ಕು ಅವನ ಸ್ಟೆತಸ್ಕೋಪಿಗೆ ಜೋತುಬಿತ್ತು, ಅವಳು ತಲೆ ಹಿಂದಕ್ಕೆ ವಾಲಿಸಿ ನಕ್ಕಳು, ಅವನ ಬೆರಳು ಒತ್ತಿಬಿಟ್ಟಿತು. ಗೋಡೆಗೆ ಬೇರೆ ಫೋಟೋ ತೆಗೆದ. ಇದು ಫೋನಿನಲ್ಲೇ ಉಳಿಯಿತು.

ಅಳಿಸಬೇಕು ಅಂದುಕೊಂಡ. ಅಳಿಸಲಿಲ್ಲ. ಊಟಕ್ಕೆ ಕೂತರೆ ಒಮ್ಮೆ, ಹಲ್ಲುಜ್ಜುವಾಗ ಒಮ್ಮೆ ತೆಗೆದು ನೋಡುವುದು; ನೋಡಿದಷ್ಟು ಸಲವೂ ಕದ್ದ ಮಾಲು ಮುಟ್ಟಿದ ಹಾಗೆ ನಾಚಿಕೆಯಾಗುವುದು. ಕೊನೆಗೆ ಅದನ್ನು ಕಾಗದದ ಮೇಲೆ ನೋಡುವ ಹುಚ್ಚು ಹತ್ತಿತು. ಪ್ರಿಂಟ್ ಹಾಕಿಸಬೇಕೆಂದರೆ ಊರಲ್ಲಿ ಇದ್ದದ್ದೊಂದೇ ಸ್ಟುಡಿಯೋ. ಅವಳ ಫೋಟೋ ಒಯ್ದು ಅವಳ ಕೈಗೇ ಕೊಡೋದೇ? ಅದಕ್ಕೇ ಈ ಪ್ರಿಂಟರಿನ ಉಸಾಬರಿ.

ಮನೆಗೆ ತಂದು, ರೂಮಿನ ಬಾಗಿಲು ಹಾಕಿಕೊಂಡು, ಫೋಟೋ ಪೇಪರ್ ತುರುಕಿದ. ಆ ಪೇಪರಿಗೆ ಒಂದೇ ಮೈಗೆ ಹೊಳಪು. ಇಂಕು ಹಿಡಿಯುವುದೂ ಆ ಮೈಯೇ. ನಮ್ಮ ಮಹಾಶಯ ಹಾಕಿದ್ದು ಹಿಂದುಮುಂದಾಗಿ. ಮಸುಕಾಗಿ ಬಂದ ಫೋಟೋವನ್ನು ಅಂಗೈಯಲ್ಲಿ ಹಿಡಿದರೆ ಅವಳ ಕೆನ್ನೆ, ತುಟಿ, ಬೆಕ್ಕಿನ ಬಾಲ ಎಲ್ಲ ಒದ್ದೆಯಾಗಿ ಕೈಗೆ ಮೆತ್ತಿಕೊಂಡವು. ಮತ್ತೆ ಹಾಕಿದ. ಮತ್ತೆ ಅದೇ ಕತೆ.

"ಒಳಗೇನೋ ಮಾಡ್ತಿದೀಯ?" ಅಕ್ಕ ಬಾಗಿಲು ಬಡಿದಳು. "ತೋರಿಸಬಾರದಂಥದ್ದೇನೋ ಅದು?"

"ಏನಿಲ್ಲ ಹೋಗೇ!"

ಮರುದಿನ ಬೇರೆ ದಾರಿ ಕಾಣದೆ ಸ್ಟುಡಿಯೋ ಮೆಟ್ಟಿಲು ಹತ್ತಿದ. ಒಂದೇ ಒಂದು ಮಾತು ಕೇಳಿ ಬಂದರಾಯಿತು ಅಂತ ಅವನ ಲೆಕ್ಕ.

"ಇಂಕ್ ಒಣಗ್ತಾನೇ ಇಲ್ಲ," ಅಂದ.

ಅವಳು ಅವನ ನೀಲಿ ಕೆಂಪು ಬೆರಳುಗಳನ್ನು ನೋಡಿದಳು. ನಗಲಿಲ್ಲ. "ಪ್ರಿಂಟ್ ತಂದಿದೀರಾ? ತೋರಿಸಿ."

ಅಕ್ಕನ ಕಣ್ಣಿಗೆ ಬೀಳದಿರಲೆಂದು ತಂದಿದ್ದ ಪ್ರಿಂಟು ಬ್ಯಾಗಿನೊಳಗೆ ಹಳೇ ಪೇಪರಿನ ಮಡಿಕೆಯಲ್ಲಿತ್ತು. ಅವನು ಬ್ಯಾಗನ್ನು ಎದೆಗೊತ್ತಿಕೊಂಡ. "ಅದು... ತೋರಿಸೋಕಾಗಲ್ಲ."

"ಬೆಳಿಗ್ಗೆ ನಿಮ್ಮಕ್ಕ ಬಂದಿದ್ರು," ಅಂದಳು ನಿಧಾನವಾಗಿ. "ಪ್ರಿಂಟರ್ ಚೆನ್ನಾಗಿದೆಯಾ ಅಂತ ಕೇಳಿದೆ. 'ನನಗ್ಯಾಕಮ್ಮಾ ಪ್ರಿಂಟರ್, ಅವನೇ ತಂದು, ಬಾಗಿಲು ಹಾಕ್ಕೊಂಡು ಅದೇನೇನೋ ಪ್ರಿಂಟ್ ಮಾಡ್ತಿದಾನೆ' ಅಂದ್ರು."

ಅವನು ಬ್ಯಾಗನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ.

"ಓ," ಅಂದಳು ಅವಳು. ಅಷ್ಟೇ. ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡಳು. "ಸ್ಟುಡಿಯೋದಲ್ಲಿ ಕೊಡೋಕಾಗದಂಥ ಫೋಟೋ. ಗೊತ್ತಾಯ್ತು ಬಿಡಿ. ನಿಮ್ಮ ಬಗ್ಗೆ ನಾನು ಏನೇನೋ ಅಂದ್ಕೊಂಡಿದ್ದೆ."

ಆ ಒಂದು ಗೇಣನ್ನು ಅವನು ನೋಡಿದ. ಕಳ್ಳ ಅಂದುಕೊಳ್ಳಲಿ, ಹುಚ್ಚ ಅಂದುಕೊಳ್ಳಲಿ, ಇದೊಂದು ಬೇಡ. ಬ್ಯಾಗು ತೆರೆದು, ತಲೆ ತಗ್ಗಿಸಿ, ಆ ಪ್ರಿಂಟನ್ನು ಕೌಂಟರಿನ ಮೇಲಿಟ್ಟ.

ಬಾಲ ಬಿಟ್ಟರೆ ಬೆಕ್ಕು ನೆಟ್ಟಗಿತ್ತು. ಅವಳ ಮುಖದ ಅರ್ಧ ಕದಡಿಹೋಗಿತ್ತು. ಆದರೂ ತನ್ನ ನಗುವಿನ ಗುರುತು ಯಾರಿಗೆ ಸಿಗದು?

ಅವಳು ಪ್ರಿಂಟನ್ನು ತನ್ನ ಕಡೆ ತಿರುಗಿಸಿಕೊಂಡಳು. "ಬೆಕ್ಕಿಂದು ಮಾತ್ರ ಅಂದಿದ್ದೆ," ಅಂದಳು.

"ಹೌದು. ತಪ್ಪಾಯ್ತು. ಆವಾಗ್ಲೇ ಅಳಿಸ್ಬೇಕಿತ್ತು. ಅಳಿಸೋಕೆ ಆಗ್ಲಿಲ್ಲ. ಇಟ್ಕೊಂಡು ನೋಡ್ತಾನೂ ಇದ್ದೆ. ನಿಮ್ಮ ಎದುರು ನಿಲ್ಲೋಕೇ ನಾಚಿಕೆ ಆಗ್ತಿದೆ."

"ಆಗ್ಬೇಕು. ನಾನು ಬೇಡ ಅಂದಿದ್ದನ್ನ ನೀವು ಇಟ್ಕೊಂಡ್ರಿ. ಅಳಿಸಿ."

ಫೋನು ತೆಗೆದ. ಅವಳ ಕಣ್ಣೆದುರೇ ಅಳಿಸಿದ. ಅಳಿಸಿದ್ದು ಸೇರುವ ಕಸದ ಬುಟ್ಟಿಯನ್ನೂ ಖಾಲಿ ಮಾಡಿ ತೋರಿಸಿದ. ಪ್ರಿಂಟನ್ನೂ ಹರಿದು ಅವಳ ಕೈಗೆ ಕೊಟ್ಟ. ಇನ್ನೇನೂ ಉಳಿಯಲಿಲ್ಲ. "ಬರ್ತೀನಿ," ಎಂದು ಬಾಗಿಲ ಕಡೆ ತಿರುಗಿದ.

"ಡಾಕ್ಟ್ರೇ."

ತಿರುಗಿ ನೋಡಿದರೆ ಅವಳು ಕೌಂಟರ್ ದಾಟಿ ಬಂದು, ಫೋಟೋಗೆ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತಿದ್ದಳು. ಪರದೆಯ ಮುಂದೆ ಅವಳು ಕೂತದ್ದನ್ನು ಆ ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ದೀಪ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ಅವನನ್ನೇ ದಿಟ್ಟಿಸಿದಳು. ಈಗ ಅವಳ ಕೆನ್ನೆಯೂ ಕೆಂಪಾಗಿತ್ತು.

"ಕೇಳಿ ತೆಗೀರಿ," ಅಂದಳು.

ಅವನು ಫೋನು ಎತ್ತಿದ. "ನಿಮ್ಮ... ನಿಮ್ಮದೊಂದು ಫೋಟೋ ತೆಗೀಲಾ?"

"ಯಾಕೆ?"

"ಗೋಡೆಗಲ್ಲ."

"ಗೋಡೆಗಲ್ಲ ಅಂತ ನನಗೂ ಗೊತ್ತು ಕಣ್ರೀ. ಯಾಕೆ ಅಂತ ಕೇಳಿದ್ದು. ಪ್ರಿಂಟರ್ ತರೋಷ್ಟು ಧೈರ್ಯ ಇದೆ, ಇದನ್ನ ಹೇಳೋಕಿಲ್ವಾ?"

ಅವನು ಫೋನು ಕೆಳಗಿಳಿಸಿದ. ಕಿವಿಯ ತುದಿಯವರೆಗೂ ಉರಿಯುತ್ತಿತ್ತು. ಆದರೂ ಈ ಸಲ ತಲೆ ತಗ್ಗಿಸಲಿಲ್ಲ.

"ನನಗೆ ನೀವಂದ್ರೆ ಇಷ್ಟ. ಅದಕ್ಕೆ."

"ಹ್ಞೂಂ," ಅಂದಳು ಅವಳು. "ಈಗ ತೆಗೀರಿ."