ಕಂಬಳಿಗೆ ಬಿದ್ದ ಬಿಸಿಲು

"ಖೋ!"

ಬೆನ್ನಿಗೆ ರಂಜಿತಾಳ ಕೈ ಬಿತ್ತು. ಕಾವ್ಯಶ್ರೀ ಏಳಲು ಹೋದಳು. ತೊಡೆಗಳು ಮಾತು ಕೇಳಲಿಲ್ಲ. ನೆಲಕ್ಕೆ ಕೈಯೂರಿ ಮೇಲೇಳುವಷ್ಟರಲ್ಲಿ ಎದುರಾಳಿ ಹುಡುಗಿ ಕಂಬ ದಾಟಿ ಓಡಿದ್ದಳು.

"ಏನೇ ಇದು! ನಮ್ಮಜ್ಜಿನೇ ನಿನಗಿಂತ ಬೇಗ ಏಳ್ತಾಳೆ," ಎಂದಳು ಕ್ಯಾಪ್ಟನ್ ರಂಜಿತಾ.

"ಕಾಲು ಎಳಿತೈತೆ ಕಣೇ."

"ದಿನಾ ಅದನ್ನೇ ಹೇಳ್ತೀಯ."

ಪಿ.ಟಿ. ಮಾಸ್ತರು ವಿನೋದ್ ಸರ್ ಹತ್ತಿರ ಬಂದರು. "ಕಾವ್ಯಾ, ಸಂಕ್ರಾಂತಿ ಆದ್ಮೇಲೆ ಹೊಸದುರ್ಗದಲ್ಲಿ ಟೂರ್ನಮೆಂಟ್ ಐತೆ. ಹಿಂಗೇ ಆದ್ರೆ ನಿನ್ನನ್ನ ಟೀಮಿಂದ ಬಿಡಬೇಕಾಗ್ತದೆ. ಮೊದಲು ಡಾಕ್ಟರಿಗೆ ತೋರಿಸು."

ಟೀಮಿಂದ ಬಿಡೋದು! ವ್ಯಾನಿನಲ್ಲಿ ತನ್ನೂರು ಬಿ.ದುರ್ಗಕ್ಕೆ ವಾಪಸಾಗುವಾಗ ಕಾವ್ಯಶ್ರೀ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಅಳು ಯಾರಿಗೂ ಕಾಣಬಾರದಿತ್ತು.

ಮರುದಿನ ಅವ್ವ ಮತ್ತು ಅಜ್ಜ ಅವಳನ್ನು ಹೊಳಲ್ಕೆರೆಯ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದರು. ಡಾಕ್ಟರಮ್ಮ ಅವಳ ಮೊಣಕಾಲಿನ ಕೆಳಗೆ ಒತ್ತಿದರು. ಕಾವ್ಯಶ್ರೀ "ಹಾ!" ಎಂದಳು.

"ಇವಳು ಬಿಸಿಲಿಗೆ ಹೋಗ್ತಾಳಾ?"

ರಜೆಯ ದಿನ ಕಾವ್ಯಶ್ರೀ ಹೊಸ್ತಿಲು ದಾಟಿದರೆ ಸಾಕು, "ಬಿಸಿಲಿಗೆ ಹೋಗಬ್ಯಾಡ, ಕರ್ರಗಾಗ್ತೀಯ!" ಎಂದು ಕೂಗುವವಳು ಅವ್ವನೇ. ಉಳಿದ ದಿನ ಮನೆಯಿಂದ ವ್ಯಾನು, ವ್ಯಾನಿನಿಂದ ಕ್ಲಾಸು. ಪ್ರಾಕ್ಟೀಸೂ ಬಿಸಿಲು ಇಳಿದ ಮೇಲೇ, ತುಂಬುತೋಳಿನ ಟೀ ಶರ್ಟಿನಲ್ಲಿ.

"ಸದ್ಯಕ್ಕೆ ಬಿಸಿಲು ಕಾಯಿಸಿ, ಹಾಲು, ಮೊಟ್ಟೆ ಕೊಡಿ. ನೋವು ಹೋಗದಿದ್ರೆ ರಕ್ತ ಪರೀಕ್ಷೆ ಮಾಡಿಸೋಣ," ಎಂದರು ಡಾಕ್ಟರಮ್ಮ.

"ಬಿಸಿಲು ಕಾಯೋದಾ? ಅದು ನನ್ನ ಕೆಲ್ಸ ಬಿಡ್ರಿ!" ಎಂದ ಕುರಿ ಕಾಯುವ ಅಜ್ಜ ಕಾಟಲಿಂಗಪ್ಪ.

ಅಂದಿನಿಂದ ದಿನಾ ಸೂರ್ಯ ಹುಟ್ಟುತ್ತಿದ್ದಂತೆ ಅಜ್ಜ ಮೊಮ್ಮಗಳನ್ನು ಎಬ್ಬಿಸುತ್ತಿದ್ದ. ಇಬ್ಬರೂ ಕುರಿಹಟ್ಟಿಯ ಗೋಡೆಗೆ ಒರಗಿ ಕೂರುತ್ತಿದ್ದರು. ಚಳಿ ತಾಗದಿರಲೆಂದು ಅಜ್ಜ ತನ್ನ ಕರಿ ಕಂಬಳಿಯನ್ನು ಅವಳ ತಲೆಯಿಂದ ಪಾದದವರೆಗೆ ಹೊದಿಸುತ್ತಿದ್ದ. ಹೊರಗೆ ಕಾಣುತ್ತಿದ್ದುದು ಅವಳ ಎರಡು ಕಣ್ಣು ಮಾತ್ರ. ಒಳಗೆ ಬೆಚ್ಚಗೆ, ಹಾಯಾಗಿರುತ್ತಿತ್ತು.

ಆದರೆ ಕಾಲುನೋವು ಹೋಗಲಿಲ್ಲ. ಚಳಿಗಾಲ ಬಲಿತರೂ "ಖೋ" ಅಂದಾಗ ಅವಳ ಕೈ ನೆಲಕ್ಕೆ ಹೋಗುತ್ತಲೇ ಇತ್ತು.

ಕೊನೆಗೆ ರಕ್ತ ಪರೀಕ್ಷೆ ಆಯಿತು. ಡಾಕ್ಟರಮ್ಮ ರಿಪೋರ್ಟ್ ನೋಡಿ ಹುಬ್ಬೇರಿಸಿದರು. "ವಿಟಮಿನ್ ಡಿ ತುಂಬಾ ಕಡಿಮೆ ಇದೆ. ಬಿಸಿಲಿಗೆ ಕೂರಿಸಲಿಲ್ವಾ?"

"ಒಂದಿನ ತಪ್ಪಿಸಿಲ್ಲ!" ಅಜ್ಜನಿಗೆ ಸಿಟ್ಟೇ ಬಂತು. "ಕಂಬಳಿ ಹೊದಿಸಿ ನಾನೇ ಕೂರಿಸೀನಿ."

"ಕಂಬಳಿ ಹೊದಿಸಿ?" ಡಾಕ್ಟರಮ್ಮ ನಕ್ಕರು. "ಹಾಗಾದ್ರೆ ಬಿಸಿಲು ಕಾದಿದ್ದು ಕಂಬಳಿ. ಬಿಸಿಲು ಚರ್ಮಕ್ಕೆ ತಾಗಿದ್ರೆ ತಾನೇ ವಿಟಮಿನ್ ಡಿ ಆಗೋದು? ಅದಿಲ್ಲದಿದ್ರೆ ತಿಂದ ರಾಗಿಯ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತಲ್ಲ. ಮೂಳೆ ನೋಯುತ್ತೆ, ತೊಡೆಗೆ ಶಕ್ತಿ ಇರಲ್ಲ. ಅದೂ ಅಲ್ಲದೆ ಎಳೆ ಬಿಸಿಲಲ್ಲಿ ವಿಟಮಿನ್ ಡಿ ಆಗೋದೇ ಕಮ್ಮಿ."

"ನಾನು ಹುಟ್ಟಿದಾಗಿಂದ ಕಂಬಳಿ ಹೊದ್ದೀನಿ. ನನಗೇನಾಗೈತೆ?"

ಉತ್ತರ ಕಾವ್ಯಶ್ರೀಗೇ ಹೊಳೆಯಿತು. "ಅಜ್ಜಾ, ಹೊತ್ತೇರಿದ ಮೇಲೆ ನೀನು ಕಂಬಳಿ ಹೆಗಲಿಗೆ ಹಾಕ್ಕೊಂಡು ಕುರಿ ಹಿಂದೆ ಹೋಗ್ತೀಯ. ನಾನು ಸ್ಕೂಲ್ ಒಳಗೆ ಹೋಗ್ತೀನಿ."

ಅಜ್ಜ ಮೊಮ್ಮಗಳನ್ನು ನೋಡಿದ. "ಥೋ! ಹೌದಲ್ಲವ್ವಾ," ಎಂದ.

ಡಾಕ್ಟರಮ್ಮ ವಾರಕ್ಕೊಮ್ಮೆ ಹಾಲಿನಲ್ಲಿ ಕಲಸಿ ಕುಡಿಯುವ ಪುಡಿ ಬರೆದುಕೊಟ್ಟರು. ಜೊತೆಗೆ ಮಧ್ಯಾಹ್ನ ಸ್ವಲ್ಪ ಹೊತ್ತು, ಕೈಕಾಲಿಗೆ ತಾಗುವಂತೆ ಬಿಸಿಲು.

"ಮಧ್ಯಾಹ್ನದ ಬಿಸಿಲಾ?" ಅವ್ವನ ಮುಖ ಸಪ್ಪಗಾಯಿತು. "ಇವಳ ಅತ್ತೆ ಮದುವೆ ಬರ್ತೈತೆ. ನೆಂಟರೆಲ್ಲ ಏನಂತಾರೆ?"

"ಅವ್ವಾ," ಎಂದಳು ಕಾವ್ಯಶ್ರೀ, "ಮದುವೇಲಿ ಕರ್ರಗೆ ಕಂಡ್ರೂ ಪರವಾಗಿಲ್ಲ. ನನಗೆ ಏಳೋಕೆ ಬರಬೇಕು."

ಮರುದಿನ ಅವ್ವ ತೆಗೆದಿಟ್ಟದ್ದು ಅರ್ಧತೋಳಿನ ಅಂಗಿ.

ಊಟದ ಬಿಡುವಿನಲ್ಲಿ ಎಲ್ಲರೂ ನೆರಳಿಗೆ ಓಡಿದರೆ ಕಾವ್ಯಶ್ರೀ ಮೈದಾನದಲ್ಲಿ ಕಾಲು ಚಾಚಿ ಕೂತಳು.

"ಏ ಸಂಡಿಗೆ!" ರಂಜಿತಾ ವರಾಂಡದಿಂದ ಕೂಗಿದಳು. "ಒಣಗಿದ್ಯಾ? ಮಗುಚಿ ಹಾಕ್ಲಾ?"

"ಬಾರೇ, ಮಗುಚು. ನಿನಗೂ ಜಾಗ ಐತೆ!"

ರಂಜಿತಾ ಬಂದಳು. ಕ್ರಮೇಣ ಟೀಮಿನ ಹುಡುಗಿಯರೆಲ್ಲ ಬಂದು ಕೂರತೊಡಗಿದರು. ಬೆಲ್ ಆಗುವ ಮೊದಲು ಒಂದು ಸುತ್ತು ಆಟವೂ ಆಗುತ್ತಿತ್ತು. ಒಂದು ದಿನ ಆಟ ಮುಗಿದಾಗ ಕಾವ್ಯಶ್ರೀ ತನ್ನ ಅಂಗೈ ನೋಡಿಕೊಂಡಳು. ಮಣ್ಣೇ ಹತ್ತಿರಲಿಲ್ಲ. ಅಷ್ಟು ಸಲ ಎದ್ದಿದ್ದರೂ ಒಮ್ಮೆಯೂ ಕೈ ನೆಲ ಮುಟ್ಟಿರಲಿಲ್ಲ! ದೂರದಲ್ಲಿ ನಿಂತಿದ್ದ ವಿನೋದ್ ಸರ್ ಹೆಬ್ಬೆರಳು ಎತ್ತಿ ತೋರಿಸಿದರು.

ಹೊಸದುರ್ಗದ ಫೈನಲ್‌ನಲ್ಲಿ ಎರಡೂ ಟೀಮಿನ ಪಾಯಿಂಟ್ ಸಮ. ಇನ್ನೊಬ್ಬಳು ಔಟಾದರೆ ಗೆಲುವು ಇವರದು. ಉಳಿದಿದ್ದ ಹುಡುಗಿ ಮೀನಿನಂತೆ ನುಣುಚಿಕೊಳ್ಳುತ್ತಿದ್ದಳು. ಅಂಪೈರ್ ಗಡಿಯಾರ ನೋಡುತ್ತಿದ್ದರು.

"ಎದ್ದೇಳೇ ಸಂಡಿಗೆ! ಖೋ!"

ಕಾವ್ಯಶ್ರೀ ಚಿಮ್ಮಿದಳು. ಆ ಹುಡುಗಿ ತಿರುಗುವಷ್ಟರಲ್ಲಿ ನೆಲದುದ್ದಕ್ಕೂ ಮೈ ಚೆಲ್ಲಿದಳು. ಬೆರಳ ತುದಿ ಹುಡುಗಿಯ ಹಿಮ್ಮಡಿಗೆ ತಾಗಿತು.

"ಔಟ್!"

ಜನರ ನಡುವಿಂದ ಅಜ್ಜ ಕುರಿ ತಿರುಗಿಸುವ ಸಿಳ್ಳೆ ಹಾಕಿದ. ಮೈದಾನವೆಲ್ಲ ತಿರುಗಿ ನೋಡಿತು. ರಂಜಿತಾ ಓಡಿ ಬಂದು ಕಾವ್ಯಶ್ರೀಯನ್ನು ಎತ್ತಿ ಗಿರಗಿರನೆ ಸುತ್ತಿಸಿದಳು.

ಕಪ್ ಕೈಗೆ ಬಂದ ಮೇಲೆ ವಿನೋದ್ ಸರ್ ಎಲ್ಲರನ್ನೂ ಬೇವಿನ ಮರದ ಕಡೆ ಕರೆದರು. "ಫೋಟೋಗೆ ನೆರಳಿಗೆ ಬರ್ರಿ!"

"ಬ್ಯಾಡ ಸಾರ್," ಎಂದಳು ಅಜ್ಜನ ಜೊತೆ ಬಂದಿದ್ದ ಅವ್ವ, ಫೋನ್ ಕೈಗೆತ್ತಿಕೊಂಡು. "ಬಿಸಿಲಲ್ಲೇ ನಿಂತ್ಕಳ್ಲಿ. ಇಲ್ಲೇ ಚೆನ್ನಾಗಿ ಕಾಣ್ತಾರೆ."

ಕಾವ್ಯಶ್ರೀ ಅವ್ವನನ್ನೇ ನೋಡಿದಳು. ಅವ್ವನ ಮುಖ ಫೋನಿನ ಹಿಂದೆ ಮರೆಯಾಗಿತ್ತು. ಆದರೂ ಆ ಮಾತು ತನಗೇ ಹೇಳಿದ್ದೆಂದು ಅವಳಿಗೆ ತಿಳಿಯಿತು. ಅವಳು ಮುಂದಿನ ಸಾಲಿಗೆ ಬಂದು, ಬಿಸಿಲಿಗೆ ಬಣ್ಣ ತಿರುಗಿದ ಎರಡೂ ಕೈಗಳಿಂದ ಕಪ್ ಎತ್ತಿ ಹಿಡಿದಳು.