ನಮೆಲೆ ಗರಿ ಕಟ್ಟಿದ ಬಾಗಿಲು

“ಪ್ಲಾಸ್ಟಿಕ್ ಗರೀನೇ ಕಟ್ಟು, ಕಾಲ್ಟಾಕ್. ನಿಜವಾದ ನಮೆಲೆ ಮರದ ಗರಿ ಬೇಡ. ಅದು ದಾರಿ ಕಟ್ಟೋ ಗರಿ, ಚೆಂದಕ್ಕಲ್ಲ.”

ಹೋಟೆಲಿನ ಬಟ್ಟೆ ಒಗೆಯುವ ಸೋದರತ್ತೆ ಲೆಯ್ವಿ ಬಟ್ಟೆಯ ಗಾಡಿ ನಿಲ್ಲಿಸಿ ಹೀಗೆಂದಾಗ ಕಾಲ್ಟಾಕ್ ಏಣಿಯ ಮೇಲಿದ್ದ. ಬ್ರಿಸ್ಬೇನಿನಲ್ಲಿ ಬೆಳೆದು, ಹೆಂಡತಿಯನ್ನು ಅಲ್ಲೇ ಮಣ್ಣು ಮಾಡಿ, ಪುಟ್ಟ ಮಗಳು ಲೆಯ್ನಾಳೊಂದಿಗೆ ನಮ್ಮ ದ್ವೀಪದ ಪೋರ್ಟ್ ವಿಲಾಕ್ಕೆ ಮರಳಿದವನು. ಆ ಮಗು ಬಿಟ್ಟರೆ ಅವನಿಗೆ ಜಗತ್ತಿನಲ್ಲಿ ಬೇರೆ ಏನೂ ಇರಲಿಲ್ಲ.

ಕಡಲಂಚಿನ ಹೊಸ ಕ್ಯಾಸಿನೊ ಹೋಟೆಲನ್ನು ‘ಪ್ರಾಚೀನ ದ್ವೀಪ’ದಂತೆ ಮಾಡುವ ಅಲಂಕಾರದ ಗುತ್ತಿಗೆ ಅವನದು. ಮಾಡಿಯೂ ಇದ್ದ. ಹಜಾರದ ನಡುವೆ ಕೆಂಪು ಹೊಗೆ ಕಾರುವ ಫೈಬರ್ ಜ್ವಾಲಾಮುಖಿ, ಜೂಜಿನ ಯಂತ್ರಗಳಿಗೆಲ್ಲ ಹಂದಿಯ ಕೋರೆಹಲ್ಲಿನಂಥ ಹಿಡಿ, ದೋಣಿಯಾಕಾರದ ಬಾರ್ ಕೌಂಟರು. ಕಿಟಕಿಯಾಚೆ ನಿಜವಾದ ಕಡಲು ಬಡಿದುಕೊಳ್ಳುತ್ತಿದ್ದರೂ ಒಳಗೆ ಸ್ಪೀಕರಿನಿಂದ ಅಲೆಗಳ ಸದ್ದು! ಇಷ್ಟು ಸುಳ್ಳಿನ ನಡುವೆ ಒಂದಾದರೂ ನಿಜ ಇರಲಿ ಎಂಬ ಚಪಲ ಅವನಿಗೆ ಯಾಕೆ ಬಂತೋ. ದಾರಿಗೆ ಅಡ್ಡಲಾಗಿ ಆ ಗರಿ ಕಂಡರೆ ನಮ್ಮೂರ ನಾಯಿಯೂ ಹಿಂದಿರುಗುತ್ತದೆ.

“ಯಾರು ದಾಟಬಾರದು ಅಂತ ಕಟ್ಟೋನು ಬಾಯಿಬಿಟ್ಟು ಹೇಳ್ತಾನೆ. ತಮಾಷೆಗೆ ಹೇಳಿದ್ರೂ ಅದು ಕೇಳಿಸ್ಕೊಳ್ಳತ್ತೆ ಕಣೋ,” ಅತ್ತೆಯ ದನಿ ಇಳಿದಿತ್ತು.

ಕೆಲಸ ಕೇಳಿ, ಪುಕ್ಕಟೆ ಬಿಯರ್ ಕೇಳಿ ಬರುವ ನೆಂಟರಿಂದ ಕಾಲ್ಟಾಕನಿಗೆ ಸಾಕುಸಾಕಾಗಿತ್ತು. ಎರಡು ಗರಿಗಳನ್ನು ಮುಂಬಾಗಿಲ ಮೇಲೆ ಕತ್ತರಿಯಂತೆ ಬಿಗಿದು, ಎಲ್ಲರೂ ಕೇಳುವಂತೆ ಕೂಗಿದ: “ಕೇಳಪ್ಪಾ ಗರಿರಾಯ! ನನ್ನ ರಕ್ತಸಂಬಂಧದವರು ಒಬ್ಬರೂ ಈ ಬಾಗಿಲು ದಾಟಬಾರ್ದು!”

ಕೆಲಸದವರೆಲ್ಲ ನಕ್ಕರು. ಅತ್ತೆ ಮಾತ್ರ ಗಾಡಿಯನ್ನು ಅಲ್ಲೇ ಬಿಟ್ಟು ಹಿಂಬಾಗಿಲಿನಿಂದ ಹೊರಟುಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಉದ್ಘಾಟನೆಯ ಸಂಜೆ ಹಜಾರದ ತುಂಬ ಸೆಂಟಿನ, ಸುಟ್ಟ ಹಂದಿಯ ಘಮ. ಹಳದಿ ಫ್ರಾಕು ತೊಟ್ಟ ಲೆಯ್ನಾ ಅಂಗಳದಿಂದ “ಅಪ್ಪಾ!” ಎಂದು ಓಡಿಬಂದಳು.

ಬಾಗಿಲು ದಾಟಿದಳು.

ದೀಪ ಆರಿತು. ಸ್ಪೀಕರಿನ ಅಲೆ ನಿಂತಿತು. ಗೋರಿ ತೋಡುವಾಗ ಏಳುವ ಹಸಿಮಣ್ಣಿನ ನಾತ. ಗಾಳಿಯಿಲ್ಲ. ಆದರೂ ಮೇಲೆ ಗರಿಗಳು ಸರಸರ ಉಜ್ಜಿಕೊಂಡವು. ದೀಪ ಬಂದಾಗ ಮಗು ಹೊಸ್ತಿಲಲ್ಲಿ ಬಿದ್ದಿತ್ತು. ಕಣ್ಣು ತೆರೆದಿತ್ತು. ಉಸಿರು ಎಳೆಯಷ್ಟು. ಕಾಲ್ಟಾಕ್ ಹಾರಿ ಗರಿ ಹಿಡಿದ. ಎಳೆದ. ಅಂಗೈ ಸೀಳಿತು. ಮಗುವಿನ ಮೂಗಿನಿಂದ ರಕ್ತ ಇಳಿಯಿತು. ಇನ್ನೂ ಎಳೆದ. ಇನ್ನೂ ಇಳಿಯಿತು. ಬಿಟ್ಟುಬಿಟ್ಟ.

ಸುದ್ದಿ ತಿಳಿದು ಓಡಿಬಂದ ಅತ್ತೆ ಬಾಗಿಲ ಹೊರಗೇ ನಿಂತಳು.

“ತಪ್ಪುಕಾಣಿಕೆಗೆ ಹಂದಿ ಕಡೀತೀನಿ ಅತ್ತೆ! ಎಷ್ಟು ಬೇಕಾದ್ರೂ ಕಡೀತೀನಿ!”

“ನಂಬಿ ಕಟ್ಟಿದ್ರೆ ಹಂದಿ ಕೊಟ್ಟು ಬಿಚ್ಚಬೋದಿತ್ತು. ನೀನು ಗೇಲಿಗೆ ಕಟ್ಟಿದೆ, ಇದನ್ನ ಬಿಚ್ಚೋಕಾಗಲ್ಲ.” ಅವಳು ಬಿಕ್ಕಿದಳು. “ಅವಳು ನಿನ್ನ ರಕ್ತ ಆಗಿರಬಾರ್ದು, ಅಷ್ಟೇ ದಾರಿ. ಬೇರೆಯವರಿಗೆ ಕೊಟ್ಟುಬಿಡು. ಬಾಯಿಬಿಟ್ಟು ಹೇಳಿ ಕೊಡು.”

ಅವತ್ತು ನಕ್ಕವರಲ್ಲಿ ಒಬ್ಬಳಾದ ಅಡುಗೆಮನೆಯ ರೂತ್, ಮಕ್ಕಳಿಲ್ಲದವಳು, ಮುಂದೆ ಬಂದು, ಮಗುವನ್ನು ಮಡಿಲಿಗೆ ಪಡೆಯುವ ಚಾಪೆ ಹಾಸಿದಳು. ಕಾಲ್ಟಾಕ್ ಮಗಳನ್ನು ಅದರ ಮೇಲೆ ಮಲಗಿಸಿದ. ಅವಳ ಫ್ರಾಕಿನ ಮೇಲಿಂದ ಕೈ ತೆಗೆಯಲಿಲ್ಲ. ಹೆತ್ತ ಕರುಳು, ಹೇಗೆ ಬಿಟ್ಟೀತು? ಮಗುವಿನ ತುಟಿ ನೀಲಿಗಟ್ಟಿತು.

“ಇವಳು ನನ್ನ ಮಗಳಲ್ಲ,” ಎಂದ. “ರೂತಳ ಮಗಳು.”

ಮಗು ಕೆಮ್ಮಿತು. ಉಸಿರೆಳೆಯಿತು. ಕೈಚಾಚಿ ರೂತಳ ಕೊರಳಿಗೆ ಜೋತುಬಿದ್ದು, ಎದುರು ಮಂಡಿಯೂರಿದ್ದ ಗಂಡಸನ್ನು ನೋಡಿತು.

“ಅಮ್ಮಾ, ಆ ಅಂಕಲ್ ಯಾಕೆ ಅಳ್ತಾ ಇದಾರೆ?”

ಕಾಲ್ಟಾಕ್ ತೋಳಿನಿಂದ ಮುಖ ಒರೆಸಿಕೊಂಡ.

“ಏನಿಲ್ಲ ಪುಟ್ಟಾ, ಕಣ್ಣಿಗೆ ಧೂಳು ಬಿತ್ತು,” ಎಂದ.